ಬೆಲೆಪಟ್ಟಿಯ ಮುಖಚಿತ್ರ

ಕಾವ್ಯಗ್ರಂಥದ ಮುಖಪತ್ರವನ್ನು ಮೆಚ್ಚಿ ನೋಡುವವರು ಬಹುಮಂದಿ ಉಂಟು. ಪುರಾಣಪುಸ್ತಕದ ರಟ್ಟಿನ ಮೇಲೆ ದೇವರ ಪಟವಿದ್ದರೆ ಅದನ್ನು ಕಣ್ಣಿಗೊತ್ತಿಕೊಂಡು ಓದಲಾರಂಭಿಸುವವರೂ ನಮ್ಮ ಮನೆಗಳಲ್ಲಿ ಕಡಮೆಯಿಲ್ಲ. ಆದರೆ ವರ್ತಕನು ತನ್ನ ಸರಕನ್ನು ಮಾರುವುದಕ್ಕಾಗಿ ಅಚ್ಚು ಹಾಕಿಸಿ ಕಳುಹಿಸುವ ಬೆಲೆಪಟ್ಟಿಯ ಮುಖಚಿತ್ರಕ್ಕೆ ಈ ಭಾಗ್ಯವು ದೊರೆಯುವುದು ಅಪರೂಪ. ವರ್ಷ ತೀರಿದ ಬಳಿಕ ಅದು ಅಟ್ಟಕ್ಕೆ ಏರುವುದು. ಇಲ್ಲವೆ ಬಚ್ಚಲೊಲೆಗೆ ಇಳಿಯುವುದು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಪಾಠಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತಿಯನ್ನು ಪಡೆದಿರುವ ನಾನು, ಅಲ್ಲಲ್ಲಿಯ ಹಳೆಯ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಕಂಡ ಇಂಥ ಚಿತ್ರಗಳ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಲು ಬಯಸುತ್ತೇನೆ.

ಬೆಲೆಪಟ್ಟಿಯೆಂದರೆ ಈಗ ನಮ್ಮಲ್ಲಿ ನೆಲೆಸಿಬಿಟ್ಟಿರುವ ಮಾತಿನಲ್ಲಿ ‘ಕ್ಯಾಟಲಾಗು’. ಅದಕ್ಕೆ ಒಡಹುಟ್ಟಿದವು ಇನ್ನು ಮೂರು. ಬಟ್ಟೆಯ ತಾನಿನ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿ ಒಂದು. ಸಾಬೂನು ಮೊದಲಾದ ಪದಾರ್ಥಗಳ ಪೆಟ್ಟಿಗೆಯ ಮೇಲಣ ಚಿತ್ರ ಒಂದು. ಹೊಸ ವರ್ಷಕ್ಕೆ ಅಂಗಡಿಯವರು ಗಿರಾಕಿಗಳಿಗೆ ಕೊಡುವ ಕ್ಯಾಲೆಂಡರು ಮತ್ತೊಂದು. ಈ ನಾಲ್ಕೂ ಒಂದೇ ಮನೆತನದವು. ಇವುಗಳ ಸೊಗಸಿಗೆ ಬಣ್ಣವೊಂದೇ ಕಾರಣವಲ್ಲ. ಅಕ್ಷರವನ್ನರಿಯದ ಗಿರಾಕಿಗೂ ಸರಕನ್ನು ಕಣ್ಣಾರೆ ಕಾಣದ ದೂರದ ಗಿರಾಕಿಗೂ ವರ್ತಕನು ಚಿತ್ರದ ರೂಪದಲ್ಲಿ ಬರೆದುಕೊಟ್ಟ ಮುಚ್ಚಳಿಕೆಗಳು ಇವು ಎಂಬುದೇ ನನ್ನ ಅಭಿಪ್ರಾಯ. ‘ಗುರುತು ಇದೇ ಆದರೆ ಸರಕೂ ಅದೇ’ ಎಂಬ ಮಾತು ಪ್ರತಿಯೊಂದು ಚಿತ್ರದ ಹಿಂದೆಯೂ ಅಡಗಿರುವುದು. ಆ ಮಾತು ನಿಜವಾಗಿರುವಲ್ಲಿ ಚಿತ್ರಕ್ಕೆ ಒಂದು ಗಾಂಭೀರ್ಯವು ಬರುವುದು. ಸುಳ್ಳಾಗಿರುವಲ್ಲಿ ಎಷ್ಟು ಬಣ್ಣ ಬಳಿದರೂ ಅದು ವೇಷವಾಗಿಯೇ ಉಳಿಯುವುದು.

ಈ ಚಿತ್ರಗಳು ನಮ್ಮ ಸೀಮೆಗೆ ಬಂದ ದಾರಿಯನ್ನು ಮೊದಲು ನೋಡೋಣ. ಉಗಿಬಂಡಿಯು ಬರುವುದಕ್ಕೆ ಮುಂಚೆ ಕಡೂರು ಸೀಮೆಯ ವ್ಯಾಪಾರವೆಲ್ಲ ಎತ್ತಿನ ಗಾಡಿಯ ಮೇಲೆಯೂ ಸಂತೆಯ ಮೇಲೆಯೂ ನಿಂತಿತ್ತು. ಕೊಳ್ಳುವವನು ವಸ್ತುವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ, ಚೌಕಾಸಿ ಮಾಡಿ ಕೊಳ್ಳುತ್ತಿದ್ದನು. ಮಾರುವವನ ಮುಖವೇ ಅಂಗಡಿಯ ಮುಖಚಿತ್ರವಾಗಿತ್ತು. ೧೮೮೯ನೆಯ ಇಸವಿಯ ವೇಳೆಗೆ ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ ಮುಗಿದು, ಕಡೂರು, ಬೀರೂರು, ಅಜ್ಜಂಪುರಗಳು ಆ ದಾರಿಯ ನಿಲ್ದಾಣಗಳಾದವು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲುದಾರಿ ತೆರೆಯಿತು. ತರೀಕೆರೆಗೂ ರೈಲು ಬಂದಿತು. ಅಡಕೆಯೂ ಕೊಬ್ಬರಿಯೂ ಹೊರಕ್ಕೆ ಹೋದವು. ಗಿರಣಿಯ ಬಟ್ಟೆ, ಸೀಮೆಯೆಣ್ಣೆ, ಕೊಡೆ, ಗಡಿಯಾರ, ಬೆಂಕಿಪೊಟ್ಟಣಗಳು ಒಳಕ್ಕೆ ಬಂದವು.

ರೈಲಿನೊಡನೆ ಅಂಚೆಯೂ ಕೈಗೂಡಿತು. ನಮ್ಮ ದೇಶದ ಅಂಚೆಯವರು ೧೮೭೭ರಲ್ಲಿಯೇ ವಿ.ಪಿ. ಪದ್ಧತಿಯನ್ನು ಆರಂಭಿಸಿದ್ದರು. ಸರಕಿನ ಕಟ್ಟು ಅಂಚೆಮನೆಗೆ ಬರುವುದು. ಗಿರಾಕಿಯು ಹಣವನ್ನು ತೆತ್ತು ಕಟ್ಟನ್ನು ಬಿಡಿಸಿಕೊಳ್ಳುವನು. ಅಂಚೆಯವರು ಆ ಹಣವನ್ನು ವರ್ತಕನಿಗೆ ಮುಟ್ಟಿಸುವರು. ಈ ಏರ್ಪಾಡಿನಿಂದ ಅಜ್ಜಂಪುರದ ಗೃಹಸ್ಥನೊಬ್ಬನು ಮುಂಬಯಿಯ ಗಡಿಯಾರವನ್ನೋ ಕಲ್ಕತ್ತೆಯ ಲಾಟೀನನ್ನೋ ಬೆಂಗಳೂರಿನ ಹೂವಿನ ಬೀಜವನ್ನೋ ತನ್ನ ಜಗಲಿಯ ಮೇಲೆ ಕುಳಿತೇ ತರಿಸಿಕೊಳ್ಳುವುದು ಸಾಧ್ಯವಾಯಿತು. ಆದರೆ ಅವನು ವರ್ತಕನ ಮುಖವನ್ನು ಕಂಡವನಲ್ಲ, ಸರಕನ್ನು ಮುಟ್ಟಿದವನಲ್ಲ. ಅವನ ಕೈಯಲ್ಲಿದ್ದುದು ಬೆಲೆಪಟ್ಟಿಯೊಂದೇ. ಹೀಗಿರಲು, ನಂಬಿಕೆಯನ್ನು ಹುಟ್ಟಿಸುವ ಭಾರವೆಲ್ಲ ಅದರ ಮುಖಚಿತ್ರದ ಮೇಲೆ ಬಿದ್ದುದು ಆಶ್ಚರ್ಯವಲ್ಲ.

ಇದೇ ಕಾಲದಲ್ಲಿ ಅಮೆರಿಕ ದೇಶದಲ್ಲಿಯೂ ಇಂಥದೇ ಕಥೆ ನಡೆಯಿತು. ಚಿಕಾಗೋ ನಗರದ ಮಾಂಟ್ಗೊಮರಿ ವಾರ್ಡ್ ಎಂಬ ವರ್ತಕನು ೧೮೭೨ರಲ್ಲಿ ೧೬೩ ಪದಾರ್ಥಗಳ ಬೆಲೆಯನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿಸಿ ಹಳ್ಳಿಗಳ ರೈತರಿಗೆ ಹಂಚಿದನು. ರಿಚರ್ಡ್ ಸಿಯರ್ಸ್ ಎಂಬಾತನು ಮಿನೆಸೋಟ ಪ್ರಾಂತದ ಒಂದು ಸಣ್ಣ ರೈಲ್ವೆ ನಿಲ್ದಾಣದಲ್ಲಿ ಗುಮಾಸ್ತೆಯಾಗಿದ್ದುಕೊಂಡು, ೧೮೮೬ರಲ್ಲಿ ಗಡಿಯಾರಗಳನ್ನು ಮಾರಲಾರಂಭಿಸಿ, ಮುಂದೆ ಲೋಕಪ್ರಸಿದ್ಧವಾದ ವ್ಯಾಪಾರಕ್ಕೆ ಒಡೆಯನಾದನು. ಅವನು ತನ್ನ ಬೆಲೆಪಟ್ಟಿಯನ್ನು ಎದುರಾಳಿಯ ಪುಸ್ತಕಕ್ಕಿಂತ ಸ್ವಲ್ಪ ಚಿಕ್ಕ ಅಳತೆಯಲ್ಲಿ ಮಾಡಿಸಿದನೆಂದು ಹೇಳುವರು. ಮನೆಯನ್ನು ಓರಣಮಾಡುವ ಗೃಹಿಣಿಯು ದೊಡ್ಡ ಪುಸ್ತಕದ ಮೇಲೆ ಚಿಕ್ಕ ಪುಸ್ತಕವನ್ನು ಇಡುವಳಷ್ಟೆ. ಆಗ ಕಣ್ಣಿಗೆ ಬೀಳುವುದು ತನ್ನ ಮುಖಚಿತ್ರವೇ ಎಂಬುದು ಅವನ ಲೆಕ್ಕ. ಆ ಮನೆಯ ದೊಡ್ಡ ಬೆಲೆಪಟ್ಟಿಯು ೧೯೯೩ರಲ್ಲಿ ನಿಂತುಹೋಯಿತು. ನಮ್ಮ ದೇಶದಲ್ಲಿ ೧೮೮೨ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ವೈಟ್‌ಅವೇ ಲೇಡ್ಲಾ ಎಂಬ ಅಂಗಡಿಯು ರೊಕ್ಕದ ವ್ಯಾಪಾರಕ್ಕೂ ಬೆಲೆಪಟ್ಟಿಗೂ ಹೆಸರಾಗಿತ್ತು. ಅದರ ಗಿರಾಕಿಗಳು ಮುಖ್ಯವಾಗಿ ಆಂಗ್ಲರು ಮತ್ತು ಅವರ ನಡೆನುಡಿಗಳನ್ನು ಅನುಸರಿಸುತ್ತಿದ್ದ ನಮ್ಮವರು.

ಈ ಮುಖಚಿತ್ರಗಳಿಗೆ ಒಂದು ಬಗೆಯ ಕವಿಸಮಯವೂ ಉಂಟು. ಕವಿಗಳಿಗೆ ಚಕೋರವೂ ಚಂದ್ರಿಕೆಯೂ ಹೇಗೋ, ಬೆಲೆಪಟ್ಟಿಯ ಚಿತ್ರಕಾರನಿಗೆ ಕೆಲವು ವಸ್ತುಗಳು ಹಾಗೆ. ಬಾವುಟ ಹಾರುವ ಮೂರಂತಸ್ತಿನ ಕಟ್ಟಡ. ಅದರ ಮುಂದೆ ಸಾರೋಟುಗಳು. ಪ್ರದರ್ಶನಗಳಲ್ಲಿ ದೊರೆತ ಪದಕಗಳ ಸಾಲು. ಭೂಗೋಲವನ್ನು ಸುತ್ತಿಬರುವ ಹಡಗು. ಕೈಯಲ್ಲಿ ಹೊಸ ವಸ್ತುವನ್ನು ಹಿಡಿದು ನಗುತ್ತಿರುವ ಮಹಿಳೆ. ಕಟ್ಟಡವು ಸ್ಥಿರತೆಗೆ ಸಂಕೇತ, ಪದಕವು ಗುಣಕ್ಕೆ ಸಂಕೇತ, ಹಡಗು ವಿಸ್ತಾರಕ್ಕೆ ಸಂಕೇತ. ಓದುಬಾರದವನು ಸಹ ಈ ಸಂಕೇತಗಳನ್ನು ಕೂಡಿಸಿ ಅರ್ಥಮಾಡಿಕೊಳ್ಳಬಲ್ಲನು.

ಆದರೂ ಬೆಲೆಪಟ್ಟಿಯು ಓದಬಲ್ಲವರ ಮನೆಗೇ ಬರುತ್ತಿತ್ತು. ಓದುಬಾರದವರ ಮನೆಗೆ ಹೊಕ್ಕುದು ಜವಳಿಯ ಚೀಟಿ. ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ಪ್ರತಿಯೊಂದು ತಾನಿಗೂ ಅಂಗೈಯಗಲದ ಬಣ್ಣದ ಚೀಟಿಯೊಂದನ್ನು ಅಂಟಿಸುತ್ತಿದ್ದರು. ಆನೆ, ಹುಲಿ, ನವಿಲು, ಗಿಣಿ, ಲಕ್ಷ್ಮಿ, ಕೃಷ್ಣ, ಮಹಾರಾಜರು, ಬಂಡಿ, ರೈಲು ಹೀಗೆ ಅದರಲ್ಲಿ ಬಾರದ ವಸ್ತುವೇ ಇಲ್ಲ. ಇಂಗ್ಲೆಂಡಿನಲ್ಲಿ ೧೮೭೫ರ ಕಾಯಿದೆಯಂತೆ ವ್ಯಾಪಾರದ ಗುರುತುಗಳನ್ನು ದಾಖಲೆಮಾಡಿಸುವ ಏರ್ಪಾಡಾದ ಮೇಲೆ, ಒಬ್ಬ ವರ್ತಕನ ಆನೆಯನ್ನು ಇನ್ನೊಬ್ಬನು ಕದಿಯಬಾರದೆಂಬ ಕಟ್ಟು ಬಂದಿತು. ನಮ್ಮ ದೇಶದಲ್ಲಿಯೂ ೧೮೮೯ರ ಕಾಯಿದೆಯು ಸುಳ್ಳುಗುರುತನ್ನು ಅಪರಾಧವೆಂದು ಸಾರಿ, ತಾನಿನ ಉದ್ದವನ್ನು ಬಟ್ಟೆಯ ಮೇಲೆಯೇ ಮುದ್ರಿಸಬೇಕೆಂದು ವಿಧಿಸಿತು. ವಿದೇಶದ ಗಿರಣಿಯವರಂತೆಯೇ ನಮ್ಮ ಮುಂಬಯಿ, ಅಹಮದಾಬಾದು, ಬೆಂಗಳೂರುಗಳ ಗಿರಣಿಯವರೂ ಈ ಪದ್ಧತಿಯನ್ನು ಹಿಡಿದರು. ೧೯೦೫ರ ಸ್ವದೇಶಿ ಚಳವಳಿಯ ಬಳಿಕ ಭಾರತಮಾತೆಯೂ ದೇಶನಾಯಕರೂ ಚೀಟಿಗಳ ಮೇಲೆ ಕಾಣಿಸಿಕೊಂಡರು. ಆಳುವವರ ಸರಕನ್ನು ಮಾರುವುದಕ್ಕೆ ಹುಟ್ಟಿದ ಚಿತ್ರವೇ ಅವರ ಸರಕನ್ನು ಬಿಡಿಸುವುದಕ್ಕೂ ಸಾಧನವಾದುದು ಇತಿಹಾಸದ ಒಂದು ವಿನೋದ.

ಈ ಪ್ರಸಂಗದಲ್ಲಿ ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ಒಂದು ಸಂಗತಿಯನ್ನು ಹೇಳುವುದು ಉಚಿತ. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಜ್ಜನವರು ಕನ್ನಡ ಸಂಸ್ಕೃತಗಳನ್ನು ಬಲ್ಲವರು; ಇಂಗ್ಲಿಷಿನ ದೊಡ್ಡಕ್ಷರಗಳನ್ನು ಕೂಡಿಸಿ ಓದಬಲ್ಲವರು. ಒಂದು ಹಬ್ಬಕ್ಕೆ ಇಬ್ಬರೂ ಸೇರಿ ಆನೆಮಾರ್ಕಿನ ಮಲ್ಲುಬಟ್ಟೆಯನ್ನು ಕೊಳ್ಳಲು ಪೇಟೆಗೆ ಹೋದರಂತೆ. ವರ್ತಕನು ತಾನನ್ನು ಬಿಚ್ಚಿ ಹಾಸಿದನು. ಅಜ್ಜನವರು ಚೀಟಿಯ ಅಕ್ಷರಗಳನ್ನು ನೋಡಿ ತಲೆಯಾಡಿಸಿದರು. ಅಜ್ಜಿ ಮಾತ್ರ, “ಇದು ನಮ್ಮ ಆನೆಯಲ್ಲ, ಅಂದ್ರೆ. ನಮ್ಮ ಆನೆ ಬಲಗಾಲು ಮುಂದಿಟ್ಟಿರುತ್ತೆ. ಇದು ಎಡಗಾಲು ಇಟ್ಟಿದೆ. ಬೇರೆ ತೋರಿಸಪ್ಪ,” ಎಂದರಂತೆ. ವರ್ತಕನು ಮರುಮಾತಾಡದೆ ಒಳಗಿನಿಂದ ಬೇರೊಂದು ತಾನನ್ನು ತಂದನಂತೆ. ಅಜ್ಜನವರು ಈ ಕಥೆಯನ್ನು ತಾವೇ ನಗುತ್ತ ಹೇಳುತ್ತಿದ್ದರು.

ಮೂವತ್ತು ವರ್ಷ ಅಕ್ಷರಾಭ್ಯಾಸ ಮಾಡಿಸಿದವನಿಗೆ ಈ ಕಥೆಯಲ್ಲಿ ಯೋಚಿಸತಕ್ಕ ಅಂಶವೊಂದಿದೆ. ಅಜ್ಜಿಗೆ ಅಕ್ಷರ ಬಾರದಿದ್ದರೂ ಓದು ಬರುತ್ತಿತ್ತು. ಆಕೆ ಚಿತ್ರವನ್ನು ಪದದಂತೆ ಬಿಡಿಸಿ, ಕಾಲಿಗೆ ಕಾಲು, ಸೊಂಡಿಲಿಗೆ ಸೊಂಡಿಲು ಹೋಲಿಸಿ ನೋಡುತ್ತಿದ್ದರು. ಎಷ್ಟೋ ಸಾವಿರ ಗೃಹಿಣಿಯರು ಹೀಗೆ ಓದುತ್ತಿದ್ದುದರಿಂದಲೇ ಚಿತ್ರಕಾರನು ಆನೆಯ ಒಂದೊಂದು ಉಗುರನ್ನೂ ಅಷ್ಟು ಎಚ್ಚರಿಕೆಯಿಂದ ಬರೆಯಬೇಕಾಯಿತು. ನೋಡುವವರ ಕಣ್ಣು ಹರಿತವಾಗಿರುವಲ್ಲಿ ಬರೆಯುವವನ ಕೈಯೂ ಹರಿತವಾಗುವುದು.

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ಎರಡು ನಾಟಕಗಳು ನೆನಪಿಗೆ ಬಾರದಿರವು. ಕಾಳಿದಾಸನು ತನ್ನ ಶಾಕುಂತಲಕ್ಕೆ ‘ಅಭಿಜ್ಞಾನ’ವೆಂಬ ಮಾತನ್ನು ಸೇರಿಸಿದನು. ಅಭಿಜ್ಞಾನವೆಂದರೆ ಗುರುತು. ಶಕುಂತಲೆಯ ಮಾತನ್ನು ನಂಬದ ಅರಸನು ತನ್ನ ಉಂಗುರವನ್ನು ಕಂಡೊಡನೆ ಎಲ್ಲವನ್ನೂ ನೆನೆದುಕೊಂಡನು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿಯೂ ಉಂಗುರವೇ ಕಥೆಯ ಜೀವ. ಆದರೆ ಅಲ್ಲಿ ಅಮಾತ್ಯರಾಕ್ಷಸನ ಮುದ್ರೆಯು ಚಾಣಕ್ಯನ ಕೈಗೆ ಸಿಕ್ಕಿ, ರಾಕ್ಷಸನು ಬರೆಯಿಸದ ಪತ್ರಕ್ಕೆ ಅವನ ಮುದ್ರೆ ಬಿದ್ದು, ಅವನಿಗೇ ಬಲೆಯಾಯಿತು. ವ್ಯಾಪಾರದ ಗುರುತಿನ ಗುಣವೂ ಅಪಾಯವೂ ಈ ಎರಡು ನಾಟಕಗಳಲ್ಲಿ ಅಡಗಿವೆ. ಬಲಗಾಲಿನ ಆನೆಯು ಅಭಿಜ್ಞಾನ; ಎಡಗಾಲಿನ ಆನೆಯು ಕಳ್ಳಮುದ್ರೆ. ನಮ್ಮ ದೇಶದಲ್ಲಿ ೧೯೪೦ರಲ್ಲಿಯೂ ಮತ್ತೆ ೧೯೯೯ರಲ್ಲಿಯೂ ಆದ ವ್ಯಾಪಾರಚಿಹ್ನೆಗಳ ಕಾಯಿದೆಗಳು ಕಾಪಾಡಹೊರಟಿರುವುದು ಈ ಭೇದವನ್ನೇ.

ಇನ್ನು ಈ ಚಿತ್ರಗಳನ್ನು ಅಚ್ಚು ಮಾಡುತ್ತಿದ್ದ ಬಗೆಯನ್ನು ತಿಳಿದರೆ ಇವುಗಳ ಮೇಲಣ ಗೌರವವು ಹೆಚ್ಚುವುದು. ಇದಕ್ಕೆ ಶಿಲಾಮುದ್ರಣವೆಂದು ಹೆಸರು. ಬವೇರಿಯ ದೇಶದ ಅಲೋಯ್ಸ್ ಸೆನೆಫೆಲ್ಡರ್ ಎಂಬಾತನು ೧೭೯೬ರ ಸುಮಾರಿನಲ್ಲಿ ಇದನ್ನು ಕಂಡುಹಿಡಿದನು. ಎಣ್ಣೆಯೂ ನೀರೂ ಒಂದನ್ನೊಂದು ಕೂಡವೆಂಬ ಸಾಮಾನ್ಯ ಸಂಗತಿಯೇ ಇದರ ಮೂಲತತ್ತ್ವ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರವನ್ನು ಬರೆದು, ಔಷಧಿಯಿಂದ ಹದಗೊಳಿಸಿ, ಕಲ್ಲನ್ನು ನೀರಿನಿಂದ ತೋಯಿಸುವರು. ಆಮೇಲೆ ಜಿಡ್ಡಿನ ಮಸಿಯನ್ನು ಉರುಳೆಯಿಂದ ಹರಡಿದರೆ, ಅದು ಬರೆದ ಭಾಗಕ್ಕೆ ಮಾತ್ರ ಹತ್ತುವುದು. ನೀರು ಕುಡಿದ ಭಾಗವು ಮಸಿಯನ್ನು ಒಲ್ಲದು. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಮೂಡುವುದು. ಕಾಗದದಲ್ಲಿ ಬಲವಾಗಬೇಕಾದುದನ್ನು ಕಲ್ಲಿನ ಮೇಲೆ ಎಡವಾಗಿ ಬರೆಯಬೇಕು.

ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಳದಿಯ ಕಲ್ಲು, ಕೆಂಪಿನ ಕಲ್ಲು, ನೀಲಿಯ ಕಲ್ಲು, ಮೈಬಣ್ಣದ ಕಲ್ಲು, ಕೊನೆಗೆ ರೇಖೆಯ ಕಲ್ಲು. ಉತ್ತಮವಾದ ಚಿತ್ರಕ್ಕೆ ಹತ್ತಕ್ಕೂ ಹೆಚ್ಚು ಕಲ್ಲುಗಳು ಬೇಕಾಗುತ್ತಿದ್ದವು. ಅಷ್ಟು ಸಲವೂ ಒಂದೇ ಹಾಳೆಯು ಯಂತ್ರದೊಳಕ್ಕೆ ಹೋಗಿಬರಬೇಕು. ಅಷ್ಟು ಸಲವೂ ಅದೇ ಜಾಗದಲ್ಲಿಯೇ ಕೂಡಬೇಕು. ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುವುದು. ಹಳೆಯ ಚೀಟಿಯನ್ನು ಭೂತಕನ್ನಡಿಯಿಂದ ನೋಡಿದರೆ, ಬಣ್ಣಗಳು ರಂಗೋಲಿಯ ಹುಡಿಯಂತೆ ಚುಕ್ಕಿಚುಕ್ಕಿಯಾಗಿ ಚೆಲ್ಲಿರುವುದು ಕಾಣುವುದು. ಆ ಚುಕ್ಕಿಗಳನ್ನು ಯಾರೋ ಒಬ್ಬ ಕುಶಲಕರ್ಮಿಯು ಕೈಯಿಂದಲೇ ಇಟ್ಟವನು. ಬಹುಮಟ್ಟಿಗೆ ಅವನು ತನ್ನ ಹೆಸರನ್ನು ಹಾಕುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ದೊಡ್ಡ ಕೀರ್ತಿಯನ್ನು ತಂದವರು ರಾಜಾ ರವಿವರ್ಮರು. ಅವರು ೧೮೯೪ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವೊಂದನ್ನು ಸ್ಥಾಪಿಸಿದರು. ಅಲ್ಲಿಂದ ಹೊರಬಂದ ಮೊದಲ ಚಿತ್ರವು ಶಕುಂತಲೆಯ ಜನನ. ಅಭಿಜ್ಞಾನದ ನಾಯಿಕೆಯೇ ಈ ಕಾರ್ಯಕ್ಕೆ ಮಂಗಳಾಚರಣೆಯಾದಳೆಂದು ನನ್ನಂಥವರು ಸಂತೋಷಪಡಬಹುದು. ಮುದ್ರಣಾಲಯವು ಬಳಿಕ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡು, ಕೆಲವು ವರ್ಷಗಳಲ್ಲಿ ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನ್ ಕುಶಲಕರ್ಮಿಯ ಕೈಸೇರಿತು. ದೇವರ ಪಟಗಳ ಜೊತೆಗೆ ವರ್ತಕರ ಚೀಟಿಗಳನ್ನೂ ಜಾಹೀರಾತುಗಳನ್ನೂ ಅದು ಅಚ್ಚು ಮಾಡಿತು. ರವಿವರ್ಮರ ಲಕ್ಷ್ಮಿಯೂ ಸರಸ್ವತಿಯೂ ನಮ್ಮ ಸೀಮೆಯ ದೇವರ ಮನೆಗಳಿಗೆಲ್ಲ ಬಂದುದು ಹೀಗೆ. ರವಿವರ್ಮರು ಮೈಸೂರಿನ ಅರಮನೆಗಾಗಿ ಬರೆದ ಮೂಲಚಿತ್ರಗಳನ್ನು ಜಗನ್ಮೋಹನ ಅರಮನೆಯಲ್ಲಿ ಈಗಲೂ ನೋಡಬಹುದು. ಮೂಲವನ್ನು ನೋಡಲು ಮೈಸೂರಿಗೆ ಹೋಗಬೇಕು. ಅಚ್ಚಿನ ಪಟವಾದರೋ ತರೀಕೆರೆಯ ಕೂಲಿಯವನ ಗುಡಿಸಲಿಗೆ ತಾನೇ ನಡೆದು ಬಂದಿತು.

ನಮ್ಮ ಸಂಸ್ಥಾನವೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಮೊದಲನೆಯ ಮಹಾಯುದ್ಧದಿಂದಾಗಿ ಯೂರೋಪಿಗೆ ಹೋಗುತ್ತಿದ್ದ ಗಂಧದ ಮರವು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯನ್ನು ತೆಗೆಯುವ ಕಾರ್ಖಾನೆಯು ಆರಂಭವಾಯಿತು. ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯು ನಡೆಯತೊಡಗಿತು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತುಬಂದ ರಸಾಯನಶಾಸ್ತ್ರಜ್ಞರಾದ ಎಸ್.ಜಿ. ಶಾಸ್ತ್ರಿಗಳು ಮೈಸೂರು ಸ್ಯಾಂಡಲ್ ಸಾಬೂನಿಗೆ ರೂಪವನ್ನು ಕೊಟ್ಟರು. ಸಾಬೂನಿನ ಬಿಲ್ಲೆಗೆ ಒಡವೆಯ ಭರಣಿಯಂಥ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಹೂಬಳ್ಳಿಯ ಅಲಂಕಾರ, ಗುರುತಾಗಿ ಸಿಂಹದ ಮೈಯೂ ಆನೆಯ ತಲೆಯೂ ಉಳ್ಳ ಶರಭ. ಇದನ್ನು ಪ್ರಚಾರಪಡಿಸಲು ಟ್ರಾಮಿನ ಟಿಕೀಟುಗಳ ಮೇಲೆಯೂ ಬೆಂಕಿಪೊಟ್ಟಣಗಳ ಮೇಲೆಯೂ ಸಾಬೂನಿನ ಚಿತ್ರವನ್ನು ಅಚ್ಚು ಮಾಡಿಸಿದರಂತೆ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೂ ನಡೆಸಿದರಂತೆ. ಬರಿದಾದ ಆ ಪೆಟ್ಟಿಗೆಯನ್ನು ಎಸೆದ ಮನೆಯನ್ನು ನನ್ನ ಬಾಲ್ಯದಲ್ಲಿ ನಾನು ಕಾಣೆ. ಸೂಜಿದಾರ, ಗುಂಡಿ, ಹರಳು, ಕಾಗದದ ಚೂರು ಎಲ್ಲಕ್ಕೂ ಅದೇ ಭರಣಿ; ಸೀರೆಗಳ ಮಡಿಕೆಯ ನಡುವೆ ಅದೇ ಪರಿಮಳ.

ಪಾಠಶಾಲೆಯಲ್ಲಿ ನಾನೊಮ್ಮೆ, ಮನೆಯಲ್ಲಿರುವ ಅತ್ಯಂತ ಹಳೆಯ ಪುಸ್ತಕವನ್ನು ತರಬೇಕೆಂದು ಮಕ್ಕಳಿಗೆ ಹೇಳಿದ್ದೆನು. ಕೂಲಿಯವರ ಮನೆಯ ಹುಡುಗಿಯೊಬ್ಬಳು ಇಂಥ ಪೆಟ್ಟಿಗೆಯೊಂದನ್ನು ತಂದು, “ನಮ್ಮನೇಲಿ ಪುಸ್ತಕ ಇಲ್ಲ ಸಾರ್. ಅವ್ವ ಅಕ್ಷರ ಕಲ್ತಿದ್ದು ಇದನ್ನ ನೋಡ್ಕೊಂಡೇ,” ಎಂದಳು. ಅವಳ ತಾಯಿ ಆ ಪೆಟ್ಟಿಗೆಯ ಮೇಲಣ ಕನ್ನಡದ ಅಕ್ಷರಗಳನ್ನು ಇದ್ದಲಿನಿಂದ ನೆಲದ ಮೇಲೆ ತಿದ್ದಿ ಕಲಿತವರು. ಚಿತ್ರಕ್ಕಾಗಿ ಉಳಿದ ಕಾಗದವು ಅಕ್ಷರಕ್ಕೂ ಒದಗಿತು. ಅಂದು ಸಾಲಾಗಿ ಜೋಡಿಸಿದ ಪುಸ್ತಕಗಳ ನಡುವೆ ಆ ಪೆಟ್ಟಿಗೆಗೂ ಒಂದು ಸ್ಥಾನವನ್ನು ಕೊಟ್ಟೆವು.

ಕ್ಯಾಲೆಂಡರಿನ ಕಥೆಯು ಇನ್ನೂ ವಿಚಿತ್ರವಾದುದು. ಹೊಸ ವರ್ಷಕ್ಕೆ ಜವಳಿ ಅಂಗಡಿಯವರೂ ದಿನಸಿ ಅಂಗಡಿಯವರೂ ಅಡಕೆ ಮಂಡಿಯವರೂ ತಮ್ಮ ಗಿರಾಕಿಗಳಿಗೆ ದೇವರ ಚಿತ್ರವುಳ್ಳ ಕ್ಯಾಲೆಂಡರನ್ನು ಕೊಡುವರು. ಮೇಲೆಯೂ ಕೆಳಗೆಯೂ ತಗಡಿನ ಪಟ್ಟಿ, ನಡುವೆ ಚಿತ್ರ, ಚಿತ್ರದ ಅಡಿಯಲ್ಲಿ ಅಂಗಡಿಯ ಹೆಸರು, ಅದರ ಕೆಳಗೆ ತಿಂಗಳುಗಳ ಹಾಳೆಗಳು. ವರ್ಷ ಕಳೆದ ಮೇಲೆ ತಿಂಗಳುಗಳು ಹರಿದುಹೋಗುವವು. ಚಿತ್ರವು ಕಟ್ಟುಹಾಕಿಸಿಕೊಂಡು ದೇವರ ಮನೆಯನ್ನು ಸೇರುವುದು. ಕೆಲವರು ಅಂಗಡಿಯ ಹೆಸರನ್ನು ಕತ್ತರಿಸುವರು. ಕೆಲವರು ಹಾಗೆಯೇ ಬಿಡುವರು. ಜಾಹೀರಾತಾಗಿ ಹೊಸಲು ದಾಟಿದ ಚಿತ್ರಕ್ಕೆ ಮಂಗಳಾರತಿಯಾಗುವುದು. ಈ ಕಲೆಯಲ್ಲಿ ಹೆಸರಾದ ಕನ್ನಡಿಗರೊಬ್ಬರನ್ನು ಇಲ್ಲಿ ಸ್ಮರಿಸಬೇಕು. ಅವರು ೧೯೧೬ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಭಿತ್ತಿಪತ್ರಗಳನ್ನೂ ಪುರಾಣಪುರುಷರ ಕ್ಯಾಲೆಂಡರ್ ಚಿತ್ರಗಳನ್ನೂ ಬರೆದು, ೧೯೯೩ರಲ್ಲಿ ದಿವಂಗತರಾದ ಎಸ್.ಎಂ. ಪಂಡಿತರು. ಅವರ ಹೆಸರನ್ನರಿಯದ ಎಷ್ಟೋ ಮನೆಗಳಲ್ಲಿ ಅವರ ಚಿತ್ರಗಳಿಗೆ ಹೂವು ಏರಿದೆ.

ಇದು ನಮ್ಮ ನಾಡಿಗೆ ಹೊಸ ಪದ್ಧತಿಯೇನೂ ಅಲ್ಲ. ತರೀಕೆರೆಯಿಂದ ಸುಮಾರು ೧೦ ಕಿಲೋಮೀಟರು ದೂರದ ಅಮೃತಪುರಕ್ಕೆ ಹೋಗಿ ನೋಡಿರಿ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಆ ದೇವಾಲಯದ ಗೋಡೆಗಳ ಮೇಲೆ ೧೪೦ ಶಿಲ್ಪಫಲಕಗಳಿವೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣದ ೭೦. ಉತ್ತರದ ಗೋಡೆಯಲ್ಲಿ ಕೃಷ್ಣಕಥೆಯ ೨೫ ಮತ್ತು ಮಹಾಭಾರತದ ೪೫. ಓದುಬಾರದವನು ಗೋಡೆಯ ಪಕ್ಕದಲ್ಲಿ ನಡೆಯುತ್ತ ನಡೆಯುತ್ತ ಕಥೆಯನ್ನು ಓದಿಕೊಳ್ಳುತ್ತಿದ್ದನು. ಅಲ್ಲಿ ಕೆಲಸಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ಕಲ್ಲಿನಲ್ಲಿ ಉಳಿದಿದೆ. ಸುಣ್ಣಕಲ್ಲಿನ ಮೇಲೆ ಆನೆಯನ್ನು ಬರೆದವನ ಹೆಸರು ಉಳಿಯಲಿಲ್ಲ. ಆದರೂ ಇಬ್ಬರೂ ಬರೆದುದು ಅದೇ ಜನಕ್ಕಾಗಿ, ಕಣ್ಣಿನಿಂದ ಓದುವ ಜನಕ್ಕಾಗಿ. ದೇವಾಲಯದ ಶಿಲ್ಪವನ್ನೂ ಅಂಗಡಿಯ ಚೀಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಯಾರೂ ತಿಳಿಯಬಾರದು. ಮೊದಲನೆಯದರಿಂದ ಪಳಗಿದ ಕಣ್ಣೇ ಎರಡನೆಯದನ್ನೂ ನೋಡಿತೆಂಬುದಷ್ಟೇ ನನ್ನ ಮಾತು.

ಆಕ್ಷೇಪಣೆಗಳೂ ಇಲ್ಲದಿಲ್ಲ. ದೇವರ ಚಿತ್ರವನ್ನು ಸರಕಿನ ಮೇಲೆ ಅಂಟಿಸಿದರೆ ಅದು ಹರಿದು ಕಾಲಕೆಳಗೆ ಬೀಳುವುದೆಂದು ಹಿರಿಯರು ನೊಂದುಕೊಳ್ಳುವರು. ಈ ನೋವು ನ್ಯಾಯವಾದುದು. ಜನರ ಧರ್ಮಭಾವನೆಗೆ ನೋವಾಗುವಂಥ ಗುರುತುಗಳನ್ನು ದಾಖಲೆ ಮಾಡಬಾರದೆಂದು ೧೯೯೯ರ ಕಾಯಿದೆಯೂ ಹೇಳುತ್ತದೆ. ಇನ್ನೊಂದು ದೋಷವೆಂದರೆ ಉತ್ಪ್ರೇಕ್ಷೆ. ಎರಡು ಕೋಣೆಯ ಅಂಗಡಿಯು ಮುಖಚಿತ್ರದಲ್ಲಿ ಅರಮನೆಯಾಗುವುದು. ಚಿತ್ರದ ಮಹಿಳೆಯರೆಲ್ಲರೂ ಹಾಲಿನಂತೆ ಬಿಳುಪಾಗಿದ್ದು, ಬಿಸಿಲಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳ ಮೈಬಣ್ಣಕ್ಕೆ ಅಲ್ಲಿ ಸ್ಥಳವೇ ಇಲ್ಲದುದು ಮತ್ತೂ ದೊಡ್ಡ ದೋಷ. ಈ ದೋಷಗಳನ್ನು ಮಕ್ಕಳಿಗೆ ತೋರಿಸಿಕೊಟ್ಟೇ ಚಿತ್ರವನ್ನು ತೋರಿಸತಕ್ಕದ್ದು. ಸುಳ್ಳನ್ನು ಗುರುತಿಸುವುದಕ್ಕೂ ಕಣ್ಣಿಗೆ ಅಭ್ಯಾಸ ಬೇಕಷ್ಟೆ.

ಈಗ ಬೆಲೆಪಟ್ಟಿಯು ದೂರವಾಣಿಯೊಳಕ್ಕೆ ಸೇರಿಹೋಗಿದೆ. ಬೆರಳಿನಿಂದ ಸವರಿದರೆ ಸಾವಿರ ಸರಕುಗಳು ಹಾಯ್ದುಹೋಗುತ್ತವೆ. ಅನುಕೂಲವು ಹೆಚ್ಚಾಗಿದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಕನ್ನಡಕವೂ ಹಾಗೆಯೇ ಮನೆಗೆ ಬಂದುದು. ಆದರೆ ಆ ಚಿತ್ರವೂ ಬೆಲೆಯೂ ಕ್ಷಣಕ್ಷಣಕ್ಕೆ ಬದಲಾಗುತ್ತವೆ. ಬೆಳಗ್ಗೆ ಕಂಡುದು ಸಾಯಂಕಾಲಕ್ಕೆ ಇರದು. ಅಚ್ಚಾದ ಬೆಲೆಪಟ್ಟಿಯಾದರೋ ವರ್ಷವಿಡೀ ಗಿರಾಕಿಯ ಮೊಳೆಗೆ ತೂಗುತ್ತಿತ್ತು. ಮಾತು ತಪ್ಪಿದ ವರ್ತಕನಿಗೆ ಅದನ್ನು ಮಡಿಸಿ ಲಕೋಟೆಯಲ್ಲಿಟ್ಟು, ‘ನೀವೇ ಅಚ್ಚು ಹಾಕಿಸಿದ್ದೀರಲ್ಲ’ ಎಂದು ಕೇಳಬಹುದಾಗಿತ್ತು. ಮುಚ್ಚಳಿಕೆಯು ಬರೆಯಿಸಿಕೊಂಡವನ ಕೈಯಲ್ಲಿತ್ತು. ಆ ಭದ್ರತೆಯೇ ಈಗ ಸಡಿಲವಾಗಿರುವುದು.

ಹಳೆಯ ಮುಚ್ಚಳಿಕೆಗಳೂ ದಿನದಿನಕ್ಕೆ ನಾಶವಾಗುತ್ತಿವೆ. ಈ ಮೂರು ಊರುಗಳಲ್ಲಿ ಒಂದರ ಹಳೆಯ ಜವಳಿ ಅಂಗಡಿಯ ಬೀರುವಿನ ಬಾಗಿಲುಗಳ ಒಳಮೈಗೆ, ತಲೆಮಾರುಗಳಿಂದ ಬಂದ ತಾನುಗಳ ಚೀಟಿಗಳನ್ನು ಸಾಲುಸಾಲಾಗಿ ಅಂಟಿಸಿದ್ದರು. ಅಂಗಡಿಯನ್ನು ಹೊಸದು ಮಾಡಿಸುವಾಗ ಬಣ್ಣ ಬಳಿಯುವವರು ಅವುಗಳನ್ನು ಕೆರೆದು ಹಾಕಿದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಒಂದು ಬಾಗಿಲಿನ ಮೂಲೆಯಲ್ಲಿ ಮೂರು ಚೀಟಿಗಳು ಮಾತ್ರ ಉಳಿದಿದ್ದವು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಬೆಲೆ ತಿಳಿಯದಿದ್ದುದೇ ಕಾರಣ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ೨೦೨೩ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವು ಇಂಥ ಚೀಟಿಗಳನ್ನೂ ಅಚ್ಚಿನ ಪಟಗಳನ್ನೂ ಸಂಗ್ರಹಿಸಿ ಕಾಪಾಡಿದೆ. ೨೦೨೫ರಲ್ಲಿ ಜವಳಿಚೀಟಿಗಳದೇ ಒಂದು ಪ್ರದರ್ಶನವನ್ನೂ ನಡೆಸಿತು. ಆದರೆ ಪ್ರತಿಯೊಂದು ಮನೆಯ ಅಟ್ಟವನ್ನೂ ಬೆಂಗಳೂರಿನವರು ಬಂದು ಶೋಧಿಸಲಾರರು. ಆ ಕೆಲಸವು ನಮ್ಮದು.

ಆದಕಾರಣ ಗೃಹಸ್ಥರಿಗೂ ಗೃಹಿಣಿಯರಿಗೂ ಕೆಲವು ಸೂಚನೆಗಳನ್ನು ಕೊಡುತ್ತೇನೆ. ಯುಗಾದಿಗೋ ದೀಪಾವಳಿಗೋ ಮನೆಯನ್ನು ಗುಡಿಸಿ ಸಾರಿಸುವಾಗ ಹಳೆಯ ಟ್ರಂಕಿನ ತಳವನ್ನೂ ಲೆಕ್ಕದ ಪುಸ್ತಕಗಳ ನಡುವನ್ನೂ ಒಮ್ಮೆ ನೋಡಿರಿ. ಚಿತ್ರವುಳ್ಳ ಚೀಟಿಯೋ ಬೆಲೆಪಟ್ಟಿಯೋ ದೊರೆತರೆ ಅದನ್ನು ಬಿಸಿಲಿನಲ್ಲಿ ಒಣಗಿಸಬೇಡಿ, ನೆರಳಿನಲ್ಲಿ ಗಾಳಿಯಾಡಿಸಿರಿ. ಒದ್ದೆ ಬಟ್ಟೆಯಿಂದ ಒರಸಬೇಡಿ. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ತೆಗೆಯಿರಿ. ಹರಿದ ಕಡೆಗೆ ಅಂಟುಪಟ್ಟಿಯನ್ನು ಹಾಕಬೇಡಿ. ಕೆಲವು ವರ್ಷಗಳಲ್ಲಿ ಅದು ಕಾಗದವನ್ನೇ ಕಂದಿಸುವುದು. ಪ್ಲಾಸ್ಟಿಕ್ಕಿನೊಳಗೆ ಬಿಸಿಯಿಂದ ಮುಚ್ಚಿಸಲೂ ಬಾರದು; ಒಮ್ಮೆ ಮುಚ್ಚಿದುದನ್ನು ಮತ್ತೆ ಬಿಡಿಸಲಾಗದು. ಎರಡು ಶುಭ್ರವಾದ ಬಿಳಿಯ ಕಾಗದಗಳ ನಡುವೆ ಚಪ್ಪಟೆಯಾಗಿ ಇಟ್ಟು, ತೇವವೂ ಗೆದ್ದಲೂ ಸೇರದ ಪೆಟ್ಟಿಗೆಯಲ್ಲಿ ಇರಿಸಿರಿ. ಎಲ್ಲಕ್ಕಿಂತ ಮುಖ್ಯವಾದುದು, ಜೊತೆಗಿಟ್ಟ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಊರು, ಅಂಗಡಿ, ತಿಳಿದಷ್ಟು ಇಸವಿ, ತಂದವರ ಹೆಸರು ಇವುಗಳನ್ನು ಬರೆಯಿರಿ. ಗುರುತನ್ನು ಹೇಳುವ ಚಿತ್ರಕ್ಕೆ ತನ್ನ ಗುರುತೇ ಇಲ್ಲದಂತಾಗಬಾರದು.

ಮನೆಯಲ್ಲಿ ಎಪ್ಪತ್ತು ಎಂಬತ್ತು ವರ್ಷದ ಹಿರಿಯರಿದ್ದರೆ ಚಿತ್ರವನ್ನು ಮೊದಲು ಅವರ ಕೈಯಲ್ಲಿಡಿರಿ. ಯಾವ ಅಂಗಡಿ, ಯಾವ ಹಬ್ಬ, ಎಷ್ಟು ಗಜ, ಯಾರ ಮದುವೆ ಎಂಬುದು ಅವರ ಬಾಯಿಂದ ಬರುವುದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿರಿ. ಆನೆಯ ಯಾವ ಕಾಲು ಮುಂದಿದೆಯೆಂದು ಕೇಳಿರಿ. ಹಿರಿಯರಿಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಅವರು ಹೇಳುವುದನ್ನು ಬರೆದಿಡಲು ನಿಮಗೆ ಬರುವುದಷ್ಟೆ.